ನೂರರವರೆಗೆ ಎಣಿಕೆ ಬರುತ್ತದೆ, ನಾಲ್ಕು ಚಮಚ ತರಲು ಬರುವುದಿಲ್ಲ: ಶಿಶುವಿಹಾರದ ಟಿವಿಯನ್ನು ಏನು ಮಾಡಬೇಕು?

ಪ್ರಶ್ನೆ: ಲಿಂಗಸುಗೂರು ಕಡೆಯ ಒಂದು ಊರಿನಲ್ಲಿ ಮನೆಯ ಪಡಸಾಲೆಯಲ್ಲೇ ಚಿಕ್ಕ ಶಿಶುವಿಹಾರ ನಡೆಸುತ್ತಿದ್ದೇನೆ. ಮೂರರಿಂದ ಐದು ವರ್ಷದ 16 ಮಕ್ಕಳಿದ್ದಾರೆ. ಕಳೆದ ವರ್ಷ ಒಂದು ಮಗುವಿನ ತಂದೆ ದೊಡ್ಡ ಸ್ಮಾರ್ಟ್ ಟಿವಿ ಕೊಡಿಸಿದರು. ಬೆಳಿಗ್ಗೆ ಸುಮಾರು ಒಂದು ಗಂಟೆ ಇಂಗ್ಲಿಷ್ ರೈಮ್ಸ್, ಅಕ್ಷರ, ಬಣ್ಣ, ಎಣಿಕೆಯ ವಿಡಿಯೊ ಹಾಕುತ್ತೇನೆ. ಮಕ್ಕಳು ಅಲುಗಾಡದೆ ಕೂರುತ್ತಾರೆ, ಅಷ್ಟರಲ್ಲಿ ನನ್ನ ಬೇರೆ ಕೆಲಸವೂ ಆಗುತ್ತದೆ. ಒಂದರಿಂದ ನೂರು, ಎ ಯಿಂದ ಝಡ್ ಎಲ್ಲರಿಗೂ ಬಾಯಿಪಾಠ. ಪಾಲಕರಿಗೆ ಬಹಳ ಖುಷಿ. ಆದರೆ ಊಟದ ಹೊತ್ತಿಗೆ 'ನಾಲ್ಕು ಚಮಚ ತಾ' ಎಂದರೆ ಇದ್ದಬದ್ದ ಚಮಚವನ್ನೆಲ್ಲ ಬಾಚಿಕೊಂಡು ಬರುತ್ತಾರೆ. ಒಬ್ಬ ಹುಡುಗಿಯ ಅಜ್ಜ, 'ನಾವು ಚಿಕ್ಕವರಿದ್ದಾಗ ನಮ್ಮೂರ ಶಾಲೆಗೂ ಉಪಗ್ರಹದ ಟಿವಿ ಬಂದಿತ್ತು. ಒಂದು ವರ್ಷ ನೋಡಿದೆವು, ಹೋಯಿತು. ಅದರಿಂದ ಯಾರು ಜಾಣರಾದರು?' ಎಂದು ಕೇಳುತ್ತಾರೆ. ಅಮೆರಿಕದ ಮಕ್ಕಳ ಟಿವಿ ಕಾರ್ಯಕ್ರಮ 'ಸೆಸಮಿ ಸ್ಟ್ರೀಟ್' ತರಹದವುಗಳಿಂದ ಮಕ್ಕಳು ಕಲಿಯುತ್ತಾರೆಂದು ಓದಿದ್ದೇನೆ. ಟಿವಿ ನಿಲ್ಲಿಸಲೇ, ಮುಂದುವರಿಸಲೇ? ಇನ್ನೊಂದು ವಿಷಯ. ಮೂರು ತುಂಬುತ್ತಾ ಬಂದ ಒಬ್ಬ ಹುಡುಗ ಇನ್ನೂ ಎರಡು ಶಬ್ದ ಸೇರಿಸಿ ಮಾತನಾಡುವುದಿಲ್ಲ. ಮೊಬೈಲ್ ತೋರಿಸಿ ನಾನೇ ಹೀಗೆ ಮಾಡಿದೆ ಎಂದು ಅವನ ತಾಯಿ ಅಳುತ್ತಾರೆ. ನನ್ನ ಟಿವಿಯೂ ಇದಕ್ಕೆ ಕಾರಣವೇ?

ಉತ್ತರ: ಪತ್ರದ ಕೊನೆಯಲ್ಲಿ ಬರೆದ ಹುಡುಗನ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಟಿವಿಯ ತೀರ್ಮಾನ ಒಂದು ತಿಂಗಳು ತಡವಾದರೂ ಏನೂ ಕೆಡುವುದಿಲ್ಲ. ಮಾತು ಬಾರದ ಮಗುವಿನ ವಿಷಯದಲ್ಲಿ ಹಾಗೆ ಕಾಯುವಂತಿಲ್ಲ.

ಎರಡು ವರ್ಷ ತುಂಬುವ ಹೊತ್ತಿಗೆ ಹೆಚ್ಚಿನ ಮಕ್ಕಳು 'ಅಮ್ಮ ಬಾ', 'ನೀರು ಕೊಡು' ಎಂದು ಎರಡು ಶಬ್ದ ಜೋಡಿಸುತ್ತಾರೆ. ಮೂರಾಗುತ್ತಾ ಬಂದರೂ ಅದು ಆಗಿಲ್ಲವೆಂದರೆ ತಪಾಸಣೆ ಬೇಕೇ ಬೇಕು. ಮೊದಲು ಕಿವಿಯ ಪರೀಕ್ಷೆ. ಕಿವಿ ಮಂದವಿರುವ ಮಗುವೂ ಟಿವಿಯ ಮುಂದೆ ಚೆನ್ನಾಗಿಯೇ ಕೂರುತ್ತದೆ, ಚಿತ್ರ ಕಾಣುತ್ತದಲ್ಲ. ಹಾಗಾಗಿ ಮನೆಯವರಿಗೆ ಅನುಮಾನವೇ ಬರುವುದಿಲ್ಲ. ಇದನ್ನು ಎಷ್ಟೋ ಮಕ್ಕಳಲ್ಲಿ ನೋಡಿದ್ದೇನೆ. ಒಂದು ವಾರ ಅವನನ್ನು ಗಮನಿಸಿ ನಾಲ್ಕು ಸಾಲು ಬರೆದಿಡಿ: ಬೆನ್ನ ಹಿಂದಿನಿಂದ ಹೆಸರು ಹಿಡಿದು ಕರೆದರೆ ತಿರುಗುತ್ತಾನೆಯೇ, ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಾನೆಯೇ, ಹೊಸದೇನಾದರೂ ಕಂಡಾಗ 'ನೋಡಿದಿರಾ' ಎಂಬಂತೆ ನಿಮ್ಮ ಮುಖ ನೋಡುತ್ತಾನೆಯೇ, ಹೇಳಿದ ಮಾತು ಅರ್ಥವಾಗುತ್ತದೆಯೇ. ವೈದ್ಯರಿಗೆ ಈ ಚೀಟಿ ಬಹಳ ಉಪಯೋಗಕ್ಕೆ ಬರುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಇಂಥ ಮಕ್ಕಳಿಗಾಗಿಯೇ ಕೇಂದ್ರಗಳಿವೆ, 'ಡಿಇಐಸಿ' ಎಂದು ಕೇಳಿದರೆ ದಾರಿ ತೋರಿಸುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಈ ಕೆಲಸಕ್ಕೇ ಹುಟ್ಟಿದ್ದು. ನಿಮಗೆ ದೂರವಾದರೂ ಅಗತ್ಯಬಿದ್ದರೆ ಹೋಗಿಬರುವುದು ಸಾರ್ಥಕ.

ತಾಯಿಗೆ ಒಂದು ಮಾತು ಹೇಳಿ. ಹೆಚ್ಚು ಪರದೆ ನೋಡುವ ಮಕ್ಕಳಲ್ಲಿ ಮಾತು ತಡವಾಗುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ, ನಿಜ. ಆದರೆ ಮಾತು ಬಾರದ, ಹಟ ಮಾಡುವ ಮಗುವಿನ ಕೈಗೆ ಮೊಬೈಲ್ ಕೊಡುವುದೂ ಹೆಚ್ಚು. ಯಾವುದು ಮೊದಲು, ಯಾವುದು ಆಮೇಲೆ ಎಂದು ಒಂದು ಮಗುವನ್ನು ನೋಡಿ ಯಾರೂ ಹೇಳಲಾರರು. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ 'ವರ್ಚುವಲ್ ಆಟಿಸಂ' (ಪರದೆ ನೋಡುವುದರಿಂದ ಬರುತ್ತದೆನ್ನುವ ಆಟಿಸಂ) ಎಂಬುದು ವೈದ್ಯಶಾಸ್ತ್ರದ ಅಧಿಕೃತ ರೋಗಪಟ್ಟಿಗಳಲ್ಲಿ ಇಲ್ಲ. ಮೊಬೈಲ್ ಕಡಿಮೆ ಮಾಡಲಿ, ಒಳ್ಳೆಯದೇ. 'ಮೂರು ತಿಂಗಳು ಮೊಬೈಲ್ ಬಿಡಿಸಿ ನೋಡೋಣ, ಆಮೇಲೆ ಆಸ್ಪತ್ರೆ' ಎನ್ನುವುದು ಮಾತ್ರ ಬೇಡ. ಎರಡೂ ಒಟ್ಟಿಗೇ ಆಗಬೇಕು.

ಪರದೆ ಮಾತನ್ನು ಹೇಗೆ ತಡೆಯುತ್ತದೆ ಎಂಬುದರ ಒಂದು ಭಾಗವಂತೂ ಸ್ಪಷ್ಟವಾಗಿದೆ. ಟಿವಿ ಚಾಲೂ ಇರುವ ಕೋಣೆಯಲ್ಲಿ ದೊಡ್ಡವರು ಮಗುವಿನೊಂದಿಗೆ ಆಡುವ ಮಾತು ಕಡಿಮೆಯಾಗುತ್ತದೆ, ಯಾರೂ ನೋಡದೆ ಸುಮ್ಮನೆ ಹಾಕಿಟ್ಟಿದ್ದರೂ ಸಹ. ಮಗು ಮಾತು ಕಲಿಯುವುದು ತನ್ನ ಕಡೆಗೆ ತಿರುಗಿ ಆಡಿದ ಮಾತಿನಿಂದ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಕೂಸುಗಳಿಗೆ ಚೀನಿ ಭಾಷೆ ಕೇಳಿಸಿದರು. ಎದುರಿಗೆ ಕೂತು ಆಟಿಕೆ ತೋರಿಸುತ್ತ, ಪುಸ್ತಕ ಓದುತ್ತ ಮಾತನಾಡಿದವರಿಂದ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಮಂದಿ ಅದೇ ಮಾತನ್ನು ವಿಡಿಯೊದಲ್ಲಿ ಆಡಿದಾಗ ಏನೂ ಕಲಿಯಲಿಲ್ಲ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಎರಡು ವರ್ಷದೊಳಗಿನವರಿಗೆ ಪರದೆಯೇ ಬೇಡ ಎನ್ನುವುದು ಇಂಥ ಕಾರಣಗಳಿಗಾಗಿಯೇ. ದೂರದ ಅಜ್ಜಿಯೊಂದಿಗೆ ವಿಡಿಯೊ ಕರೆಗೆ ವಿನಾಯಿತಿ ಇದೆ, ಅಲ್ಲಿ ಅಜ್ಜಿ ಮಗು ನಕ್ಕರೆ ನಗುತ್ತಾರೆ, ಕೇಳಿದರೆ ಉತ್ತರ ಕೊಡುತ್ತಾರೆ. ಎರಡರಿಂದ ಐದು ವರ್ಷದವರಿಗೆ ದೊಡ್ಡವರ ಜೊತೆಯಲ್ಲಿ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. ಅಂದರೆ ನಿಮ್ಮ ಬೆಳಗಿನ ಒಂದು ಗಂಟೆಗೇ ಮಗುವಿನ ದಿನದ ಪಾಲು ಮುಗಿಯಿತು. ಸಂಜೆ ಮನೆಯ ಧಾರಾವಾಹಿ, ಊಟಕ್ಕೆ ಕೂತಾಗಿನ ಮೊಬೈಲ್ ಬೇರೆ.

ಇನ್ನು ಚಮಚದ ವಿಷಯ. ಇದನ್ನು ನೀವು ಗಮನಿಸಿದ್ದೇ ದೊಡ್ಡದು. ಎಷ್ಟೋ ಶಾಲೆಗಳಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ.

ನೂರರವರೆಗೆ ಹೇಳುವುದು ಒಂದು ಹಾಡು, ನಾಲ್ಕು ಚಮಚ ತರುವುದು ಗಣಿತ. ಮಕ್ಕಳು ಮೊದಲು ಸಂಖ್ಯೆಗಳನ್ನು ಸಾಲಾಗಿ ಹೇಳಲು ಕಲಿಯುತ್ತಾರೆ. ಅರ್ಥ ಆಮೇಲೆ, ನಿಧಾನವಾಗಿ ಬರುತ್ತದೆ. ಮೊದಲು 'ಒಂದು ಕೊಡು' ಎಂದರೆ ಸರಿಯಾಗಿ ಒಂದು ಕೊಡುತ್ತಾರೆ, ಉಳಿದ ಯಾವ ಸಂಖ್ಯೆ ಕೇಳಿದರೂ ಮುಷ್ಟಿ ತುಂಬ. ಕೆಲವು ತಿಂಗಳಾದ ಮೇಲೆ ಎರಡು, ಮತ್ತೆ ಕೆಲವು ತಿಂಗಳಿಗೆ ಮೂರು. ಎಣಿಕೆಯಲ್ಲಿ ಕೊನೆಗೆ ಹೇಳಿದ ಸಂಖ್ಯೆಯೇ 'ಒಟ್ಟು ಎಷ್ಟು' ಎಂಬುದು ಹೆಚ್ಚಿನ ಮಕ್ಕಳಿಗೆ ಮೂರೂವರೆ, ನಾಲ್ಕು ವರ್ಷದ ಆಸುಪಾಸಿನಲ್ಲಿ ಹೊಳೆಯುತ್ತದೆ. ಆದ್ದರಿಂದ ಚಮಚ ಬಾಚಿ ತರುವ ಮಗು ದಡ್ಡ ಅಲ್ಲ, ಆ ಮೆಟ್ಟಿಲಲ್ಲಿ ಇದೆ ಅಷ್ಟೆ. ತೊಂದರೆ ಇರುವುದು ನೂರರ ಹಾಡು ಕೇಳಿ 'ಎಣಿಕೆ ಬಂತು' ಎಂದು ನಾವು ಮುಂದಕ್ಕೆ ಹೋಗಿಬಿಡುವುದರಲ್ಲಿ. ಇಪ್ಪತ್ತಾರು ಅಕ್ಷರಗಳನ್ನು ಎರಡು ನಿಮಿಷದಲ್ಲಿ ಓಡಿಸುವ ರೈಮ್ಸ್ ವಿಡಿಯೊದ ಕಥೆಯೂ ಇದೇ.

ನೀವು ಓದಿದ 'ಸೆಸಮಿ ಸ್ಟ್ರೀಟ್' ಹೇಗಿತ್ತು ಎಂಬುದನ್ನು ಇದರ ಪಕ್ಕಕ್ಕೆ ಇಟ್ಟು ನೋಡಬೇಕು. 1969ರ ನವೆಂಬರ್ 10ರಂದು ಪ್ರಸಾರವಾದ ಅದರ ಮೊದಲ ಕಂತು ಒಂದು ಗಂಟೆಯದು. ಆ ಒಂದು ಗಂಟೆಯಲ್ಲಿ ಕಲಿಸಲು ಆರಿಸಿಕೊಂಡದ್ದು ಮೂರು ಅಕ್ಷರ, ಎರಡು ಅಂಕಿ. ಜಾಹೀರಾತಿನವರಂತೆ 'ಈ ಕಾರ್ಯಕ್ರಮದ ಪ್ರಾಯೋಜಕರು ಇಂಥ ಅಕ್ಷರ' ಎಂದು ಹೇಳಿ, ಅದೇ ಅಕ್ಷರವನ್ನು ಹಾಡಿನಲ್ಲಿ, ಗೊಂಬೆಯ ಬಾಯಲ್ಲಿ, ಕಾರ್ಟೂನಿನಲ್ಲಿ ಮತ್ತೆ ಮತ್ತೆ ತರುತ್ತಿದ್ದರು. ಜಾಹೀರಾತಿನ ತಂತ್ರ ಹೊಳೆದದ್ದಕ್ಕೆ ಕಾರಣವಿತ್ತು. ಬಿಯರ್ ಜಾಹೀರಾತಿನ ಹಾಡನ್ನು ಪುಟ್ಟ ಮಕ್ಕಳು ಬಾಯಿಪಾಠ ಹಾಡುವುದನ್ನು ಈ ಕಾರ್ಯಕ್ರಮವನ್ನು ಹುಟ್ಟುಹಾಕಿದ ಟಿವಿ ನಿರ್ಮಾಪಕಿ ಜೋನ್ ಗಾಂಜ್ ಕೂನಿ ಗಮನಿಸಿದ್ದರು. ಅವರ ಜೊತೆಗೂಡಿ ಸಂಸ್ಥೆ ಕಟ್ಟಿದ ಲಾಯ್ಡ್ ಮಾರಿಸೆಟ್ ಮನಃಶಾಸ್ತ್ರಜ್ಞ. ಬೆಳಗಿನ ಪ್ರಸಾರ ಶುರುವಾಗುವ ಮುಂಚೆ ಬರುವ ನಿಶ್ಚಲ ಪಟ್ಟೆಗಳ ಚಿತ್ರವನ್ನೇ ತನ್ನ ಮೂರು ವರ್ಷದ ಮಗಳು ಕೂತು ನೋಡುತ್ತಿದ್ದುದು ಅವರ ತಲೆಗೆ ಹತ್ತಿತ್ತು. ಟಿವಿಯಲ್ಲಿ ಏನೂ ಇಲ್ಲದಾಗಲೂ ಮಕ್ಕಳು ನೋಡುತ್ತಾರೆ ಎಂಬುದು ಅವರಿಗೆ ಅಂದೇ ಗೊತ್ತಿತ್ತು.

ನಿಮ್ಮ 16 ಮಕ್ಕಳು ಅಲುಗಾಡದೆ ಕೂರುವುದನ್ನು ನಾನು ಗಮನ ಎಂದು ಒಪ್ಪದಿರುವುದು ಇದಕ್ಕೇ. ಸುಮ್ಮನಿರುವ ಮಗು ಕಲಿಯುತ್ತಿದೆ ಎಂಬುದು ನಮ್ಮ ಶಾಲೆಗಳ ಬಹಳ ಹಳೆಯ ಮೂಢನಂಬಿಕೆ. ಟಿವಿ ಬರುವ ಮುಂಚೆಯೂ ಇತ್ತು.

ಆ ತಂಡದ ಸಂಶೋಧಕ ಎಡ್ವರ್ಡ್ ಪಾಮರ್ ಪರೀಕ್ಷಿಸುತ್ತಿದ್ದ ರೀತಿ ಕೇಳಿ. ಟಿವಿಯ ಪಕ್ಕದಲ್ಲೇ ಇನ್ನೊಂದು ಪರದೆ ಇಟ್ಟು ಅದರಲ್ಲಿ ಏಳೂವರೆ ಸೆಕೆಂಡಿಗೊಂದು ಬಣ್ಣದ ಚಿತ್ರ ಬದಲಾಗುವಂತೆ ಮಾಡುತ್ತಿದ್ದರು. ಮಗುವಿನ ಕಣ್ಣು ಯಾವಾಗ ಕಾರ್ಯಕ್ರಮದಲ್ಲಿದೆ, ಯಾವಾಗ ಪಕ್ಕಕ್ಕೆ ಜಾರಿತು ಎಂದು ಗುರುತು ಹಾಕುತ್ತಿದ್ದರು. ಮಕ್ಕಳ ಕಣ್ಣು ಜಾರಿದ ತುಣುಕನ್ನು ತಿದ್ದುತ್ತಿದ್ದರು. ಪ್ರಸಾರಕ್ಕೆ ಮುಂಚೆ ಫಿಲಡೆಲ್ಫಿಯಾದಲ್ಲಿ ಮಾದರಿ ಕಂತುಗಳನ್ನು ತೋರಿಸಿದಾಗ ಗೊಂಬೆಗಳು ಬಂದರೆ ಮಕ್ಕಳು ನೋಡುತ್ತಿದ್ದರು, ಕಾರ್ಯಕ್ರಮದ ಕಥೆ ನಡೆಯುವ ಬೀದಿಯಲ್ಲಿ ಬರೀ ದೊಡ್ಡವರು ಮಾತನಾಡುವ ಭಾಗ ಬಂದರೆ ಎದ್ದು ಹೋಗುತ್ತಿದ್ದರು. ಗೊಂಬೆ ಮತ್ತು ಮನುಷ್ಯರನ್ನು ಬೆರೆಸಿದರೆ ಮಕ್ಕಳಿಗೆ ಗೊಂದಲವಾಗುತ್ತದೆ ಎಂದು ತಜ್ಞರು ಹೇಳಿದ್ದರಿಂದ ಇಬ್ಬರನ್ನೂ ಬೇರೆ ಬೇರೆ ಇಟ್ಟಿದ್ದರು. ನಿರ್ಮಾಪಕರು ತಜ್ಞರ ಮಾತು ಬಿಟ್ಟು ಮಕ್ಕಳ ಮಾತು ಕೇಳಿದರು. ಆ ಬೀದಿಗೆ ಎಂಟಡಿಯ ಹಳದಿ ಹಕ್ಕಿ 'ಬಿಗ್ ಬರ್ಡ್' ಬಂದದ್ದು ಹೀಗೆ. (ನಾನೂ ತಜ್ಞನೆಂದು ಕರೆಸಿಕೊಳ್ಳುವವನೇ ಆದ್ದರಿಂದ ಈ ಕಥೆ ನನಗೆ ವಿಶೇಷ ಇಷ್ಟ.)

ನೀವು ಇದನ್ನು ನಾಳೆಯೇ ಮಾಡಿ ನೋಡಬಹುದು. ವಿಡಿಯೊ ಹಾಕಿ, ಟಿವಿಯ ಪಕ್ಕದಲ್ಲಿ ಮಕ್ಕಳ ಕಡೆ ಮುಖ ಮಾಡಿ ಕೂರಿ. ಪರದೆ ನೋಡಬೇಡಿ, ಕಣ್ಣುಗಳನ್ನು ನೋಡಿ. ಯಾವ ಹಂತದಲ್ಲಿ ತುಟಿ ಅಲುಗುತ್ತದೆ, ಎಲ್ಲಿ ನಗು ಬರುತ್ತದೆ, ಎಲ್ಲಿ ಪಕ್ಕದವನ ಅಂಗಿಯ ಗುಂಡಿ ಹೆಚ್ಚು ಆಕರ್ಷಕವಾಗುತ್ತದೆ. ಮುಖ್ಯವಾಗಿ ಎಷ್ಟು ಮಕ್ಕಳ ಮುಖ ಏನನ್ನೂ ಹೇಳದೆ ಮೇಣದಂತೆ ಇರುತ್ತದೆ ಎಂದು ನೋಡಿ. ಅರ್ಧ ವಿಡಿಯೊಗಳನ್ನು ನೀವೇ ತೆಗೆದುಹಾಕುತ್ತೀರಿ.

ಇಂಥ ಕಾರ್ಯಕ್ರಮಗಳಿಂದ ನಿಜವಾಗಿಯೂ ಕಲಿಕೆ ಆಗುತ್ತದೆಯೇ? ಆಗುತ್ತದೆ. 1970ರಿಂದಲೇ ಅಳೆದು ನೋಡಿದ್ದಾರೆ. ಮೂರರಿಂದ ಐದು ವರ್ಷದ ಮಕ್ಕಳಲ್ಲಿ 'ಸೆಸಮಿ ಸ್ಟ್ರೀಟ್' ಹೆಚ್ಚು ನೋಡಿದವರು ಅಕ್ಷರ, ಅಂಕಿ, ವಿಂಗಡಣೆಯಂಥ ಅದು ನೇರವಾಗಿ ಕಲಿಸಿದ ವಿಷಯಗಳಲ್ಲಿ ಹೆಚ್ಚು ಮುಂದೆ ಬಂದಿದ್ದರು. 1975ರಲ್ಲಿ ಥಾಮಸ್ ಕುಕ್ ಮತ್ತು ಸಂಗಡಿಗರು ಅದೇ ಅಂಕಿ ಅಂಶಗಳನ್ನು ಮತ್ತೆ ಜಾಲಾಡಿ ಎರಡು ಮಾತು ಸೇರಿಸಿದರು. ಲಾಭದ ಒಂದು ಪಾಲು ಬಂದದ್ದು, 'ಮಗುವಿಗೆ ತೋರಿಸಿ, ಜೊತೆಯಲ್ಲಿ ಕೂತು ಮಾತನಾಡಿ' ಎಂದು ತಾಯಂದಿರಿಗೆ ಮನೆಗೆ ಬಂದು ಹುರಿದುಂಬಿಸಿದ್ದರಿಂದ. ಎರಡನೆಯದು, ಅನುಕೂಲಸ್ಥರ ಮಕ್ಕಳೂ ಅದನ್ನು ನೋಡಿ ಕಲಿಯುವುದರಿಂದ ಬಡವರ ಮಕ್ಕಳೊಂದಿಗಿನ ಅಂತರ ಮುಚ್ಚುವುದಿಲ್ಲ. ಟಿವಿಯನ್ನು ಕೊಂಡಾಡುವವರು 1970ರ ಫಲಿತಾಂಶವನ್ನಷ್ಟೇ ಹೇಳುತ್ತಾರೆ, ಬೈಯುವವರು 1975ರದ್ದನ್ನಷ್ಟೇ. ನನಗೆ ಎರಡೂ ಸೇರಿದಾಗಲೇ ಉಪಯೋಗ. ಕಾರ್ಯಕ್ರಮ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧ ಪಕ್ಕದಲ್ಲಿ ಕೂತ ದೊಡ್ಡವರದು. ಮಕ್ಕಳು ಟಿವಿ ನೋಡುವಾಗ ನೀವು ಬೇರೆ ಕೆಲಸ ಮಾಡುತ್ತಿದ್ದರೆ ಆ ಉಳಿದರ್ಧ ಆಗುತ್ತಿಲ್ಲ.

ಬೈಯುತ್ತಿಲ್ಲ. ಒಬ್ಬರೇ 16 ಮಕ್ಕಳನ್ನು ನೋಡಿಕೊಳ್ಳುವವರಿಗೆ ಆ ಒಂದು ಗಂಟೆ ಎಷ್ಟು ಬೇಕೆಂದು ಗೊತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಆ ಕಾರ್ಯಕ್ರಮಗಳ ಎರಡು ತಂತ್ರಗಳನ್ನು ಬಿಡಿಸಿ ಹೇಳುತ್ತೇನೆ. ಇವಕ್ಕೆ ಟಿವಿ ಬೇಕಾಗಿಲ್ಲ.

ಒಂದು, ನಿಲ್ಲಿಸಿ ಕಾಯುವುದು. 'ಸೆಸಮಿ ಸ್ಟ್ರೀಟ್'ನ ಆರಂಭದ ದಿನಗಳಲ್ಲಿ ನಟ ಜೇಮ್ಸ್ ಅರ್ಲ್ ಜೋನ್ಸ್ ತಮ್ಮ ಗಡುಸು ದನಿಯಲ್ಲಿ ಅಕ್ಷರಮಾಲೆ ಹೇಳುವ ತುಣುಕೊಂದಿತ್ತು. ಪರದೆಯ ಮೇಲೆ ಅಕ್ಷರ ಮೂಡುತ್ತದೆ, ಅವರು ಮಾತನಾಡದೆ ದಿಟ್ಟಿಸುತ್ತಾರೆ, ಸ್ವಲ್ಪ ಹೊತ್ತಾದ ಮೇಲೆ ಹೇಳುತ್ತಾರೆ. ದೊಡ್ಡವರಿಗೆ ಬೇಸರ ಹುಟ್ಟಿಸುವಷ್ಟು ನಿಧಾನ. ಮೊದಲ ಸಲ ನೋಡಿದ ಮಕ್ಕಳು ಅವರು ಹೇಳಿದ ಮೇಲೆ ಹೇಳಿದರು. ಕೆಲವು ಸಲ ನೋಡಿದವರು ಅಕ್ಷರ ಮೂಡಿದ ಕೂಡಲೇ, ಅವರಿಗಿಂತ ಮುಂಚೆ ಹೇಳಿದರು. ಇನ್ನೂ ನೋಡಿದವರು ಅಕ್ಷರ ಮೂಡುವ ಮೊದಲೇ ಕೂಗಿದರು. ಈ ಮೂರು ಹೆಜ್ಜೆಯೂ ಆದದ್ದು ಆ ಖಾಲಿ ಬಿಟ್ಟ ಹೊತ್ತಿನಲ್ಲಿ. ನಿಮ್ಮ ರೈಮ್ಸ್ ವಿಡಿಯೊಗಳಲ್ಲಿ ಇಲ್ಲದಿರುವುದು ಈ ಬಿಡುವು. ಅವಸರದ ಟೀಚರ್‌ಗಳಲ್ಲೂ ಇರುವುದಿಲ್ಲ, ಪ್ರಶ್ನೆ ಕೇಳಿ ಒಂದು ಉಸಿರೆಳೆಯುವಷ್ಟರಲ್ಲಿ ಉತ್ತರವನ್ನೂ ಅವರೇ ಹೇಳಿರುತ್ತಾರೆ.

ಎರಡು, ಅದನ್ನೇ ಮತ್ತೆ ಮಾಡುವುದು. 1996ರಲ್ಲಿ ಶುರುವಾದ 'ಬ್ಲೂಸ್ ಕ್ಲೂಸ್' ಎಂಬ ಕಾರ್ಯಕ್ರಮದಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಐದೂ ದಿನ ಅದೇ ಕಂತನ್ನು ತೋರಿಸುತ್ತಿದ್ದರು. ಮಕ್ಕಳಿಗೆ ಬೇಸರ ಬರಲಿಲ್ಲ. ದಿನ ಕಳೆದಂತೆ ಪರದೆಯತ್ತ ಉತ್ತರ ಕೂಗುವುದು ಹೆಚ್ಚಿತು, ಕಂತಿನಲ್ಲಿದ್ದ ಒಗಟು ಬಿಡಿಸುವುದೂ ಸುಧಾರಿಸಿತು. ಮಕ್ಕಳು 'ಅದೇ ಕಥೆ ಹೇಳು' ಎಂದು ಕಾಡುವುದನ್ನು ನಮ್ಮ ಅಜ್ಜಿಯರೆಲ್ಲ ಬಲ್ಲರು. ಶಾಲೆಗೆ ಬಂದ ಮೇಲೆ ಮಾತ್ರ ನಾವು ದಿನಕ್ಕೊಂದು ಹೊಸ ಪಾಠ ಎಂದು ಓಡುತ್ತೇವೆ.

ಇವೆರಡನ್ನೂ ಸೇರಿಸಿ ಒಂದು ಆಟ ಹೇಳುತ್ತೇನೆ, ಐದಾರು ಮಕ್ಕಳ ಗುಂಪಿಗೆ. ಹಳೆಯ ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದರೆ ಗೊಂಬೆಯಾಯಿತು. ಹೆಸರು ಮಕ್ಕಳೇ ಇಡಲಿ, ಇಲ್ಲಿ ಗುಂಡ ಎನ್ನೋಣ. ಗುಂಡನಿಗೆ ಎಣಿಸಲು ಬಾರದು, ಬರುತ್ತದೆಂಬ ಜಂಬ ಮಾತ್ರ ಇದೆ. ಇಂದಿನ ಅಂಕಿ ಮೂರು, ಅದೊಂದೇ. ಬಟ್ಟಲಲ್ಲಿ ಪ್ಲಾಸ್ಟಿಕ್ ಬಳೆಗಳಿವೆ. (ಹುಣಸೆ ಬೀಜ, ಶೇಂಗಾ ಬೇಡ, ಚಿಕ್ಕವರು ಬಾಯಿಗೆ, ಮೂಗಿಗೆ ಹಾಕಿಕೊಳ್ಳುತ್ತಾರೆ.) 'ಗುಂಡ, ಮೂರು ಬಳೆ ಕೊಡಪ್ಪ' ಎನ್ನುತ್ತೀರಿ. ಗುಂಡ ಒಂದೇ ಬಳೆಯನ್ನು ಮೂರು ಸಲ ಮುಟ್ಟಿ 'ಒಂದು, ಎರಡು, ಮೂರು, ತಗೊಳ್ಳಿ' ಎಂದು ಕೊಡುತ್ತಾನೆ. ಇಲ್ಲಿ ನಿಲ್ಲಿಸಿ. ಮನಸ್ಸಿನಲ್ಲಿ ಐದರವರೆಗೆ ಎಣಿಸಿ, ತುಟಿ ಬಿಚ್ಚಬೇಡಿ. ಯಾರಾದರೂ ಒಬ್ಬರು 'ತಪ್ಪು!' ಎನ್ನುತ್ತಾರೆ. 'ಯಾಕೆ ತಪ್ಪು? ನಾನು ಎಣಿಸಿದೆನಲ್ಲ' ಎಂದು ಗುಂಡ ವಾದಕ್ಕೆ ಇಳಿಯಬೇಕು. ನೀವು ಕೇಳಿದರೆ ಅದು ಪರೀಕ್ಷೆ, ಗುಂಡ ಕೇಳಿದರೆ ಅವನಿಗೆ ಕಲಿಸುವ ಅವಕಾಶ. ಮಗು ಅವನ ಕೈಗೆ ಒಂದೊಂದಾಗಿ ಬಳೆ ಇಡುತ್ತದೆ. 'ಈಗ ಎಷ್ಟಾಯಿತು?' ಎಂದು ಕೇಳಿ ಮತ್ತೆ ಕಾಯಿರಿ. ಮರುದಿನವೂ ಗುಂಡ, ಮರುದಿನವೂ ಮೂರು, ಆದರೆ ಆ ದಿನ ಅವನ ತಪ್ಪು ಬೇರೆ: ಎಣಿಸುತ್ತಾ ನಡುವೆ ಒಂದು ಬಳೆ ಬಿಟ್ಟುಬಿಡುತ್ತಾನೆ. ಮಕ್ಕಳ ಎಣಿಕೆಯನ್ನು ಅಧ್ಯಯನ ಮಾಡುವ ಮನಃಶಾಸ್ತ್ರಜ್ಞರೂ ತಪ್ಪೆಣಿಸುವ ಗೊಂಬೆಯನ್ನೇ ಬಳಸುತ್ತಾರೆ. ತಾನಿನ್ನೂ ಸರಿಯಾಗಿ ಎಣಿಸಲಾರದ ಮಗುವೂ ಗೊಂಬೆಯ ತಪ್ಪನ್ನು ಹಿಡಿಯಬಲ್ಲದು. ಬಿಗ್ ಬರ್ಡ್ ಕೂಡ ಇಂಥ ಗುಂಡನೇ, ಎಂಟಡಿ ಎತ್ತರ, ಬುದ್ಧಿ ಚಿಕ್ಕ ಮಗುವಿನದು. 2006ರಲ್ಲಿ ನಮ್ಮ ದೇಶಕ್ಕಾಗಿ ಹಿಂದಿಯಲ್ಲಿ ಮಾಡಿದ 'ಗಲಿ ಗಲಿ ಸಿಮ್ ಸಿಮ್'ನಲ್ಲಿ ಶಾಲೆಯ ಸಮವಸ್ತ್ರ ತೊಟ್ಟ ಚಮ್ಕಿ ಎಂಬ ಐದು ವರ್ಷದ ಗೊಂಬೆ ಹುಡುಗಿಯನ್ನು ತಂದರು. ಅಮೆರಿಕದ ಕಂತನ್ನು ಡಬ್ ಮಾಡಿ ಕೈತೊಳೆದುಕೊಳ್ಳದೆ ಇಲ್ಲಿನ ಬೀದಿ, ಇಲ್ಲಿನ ಮಕ್ಕಳನ್ನು ಇಟ್ಟುಕೊಂಡು ಮಾಡಿದರು. ನಿಮ್ಮ ಗುಂಡನೂ ಲಿಂಗಸುಗೂರಿನವನೇ ಆಗಿರಲಿ.

ಅಜ್ಜ ಹೇಳಿದ್ದಕ್ಕೆ ಬರುತ್ತೇನೆ. ಅವರ ನೆನಪು ಸರಿಯಾಗಿದೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ನಡೆದ 'ಸೈಟ್' ಎಂಬ ಟಿವಿ ಶಿಕ್ಷಣ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂದಿತ್ತು. ಕರ್ನಾಟಕದಲ್ಲಿ ಆಗಿನ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು ಆರಿಸಿದ್ದರು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಕನ್ನಡದಲ್ಲಿ ಇಪ್ಪತ್ತೆರಡು ನಿಮಿಷದಷ್ಟು ಕಾರ್ಯಕ್ರಮ, ಸಂಜೆ ಊರವರಿಗೆ. ವರ್ಷ ಮುಗಿಯಿತು, ಉಪಗ್ರಹವನ್ನು ಅಮೆರಿಕ ಸರಿಸಿಕೊಂಡಿತು. ಇಡೀ ದೇಶಕ್ಕೆ ಉಪಗ್ರಹ ಸಂಪರ್ಕದ ಪಾಠ ಕಲಿಸಿದ ದೊಡ್ಡ ಕೆಲಸ ಅದು, ಹಗುರವಾಗಿ ಮಾತನಾಡಬಾರದು. ಆದರೆ ತರಗತಿಯ ದೃಷ್ಟಿಯಿಂದ ನೋಡಿದರೆ ಅಜ್ಜನ ಗೊಣಗಾಟಕ್ಕೆ ಆಧಾರವಿದೆ. ಐದರಿಂದ ಹನ್ನೆರಡು ವರ್ಷದವರಿಗೆಲ್ಲ ಒಂದೇ ಕಾರ್ಯಕ್ರಮ. ಐದರ ಮಗುವಿಗೆ ಅರ್ಥವಾಗುವುದು ಹನ್ನೆರಡರವನಿಗೆ ಸಪ್ಪೆ. ಜೊತೆಗೆ ಆಕಾಶದಿಂದ ಬರುವುದನ್ನು ಮೇಷ್ಟ್ರು ನಡುವೆ ತಡೆದು 'ಈಗ ಏನಾಯಿತು ಹೇಳಿ' ಎನ್ನುವಂತಿರಲಿಲ್ಲ. ನಿಮ್ಮ ರಿಮೋಟಿನಲ್ಲಿ ನಿಲುಗಡೆಯ ಗುಂಡಿ ಇದೆ. ಅಂದಿಗೂ ಇಂದಿಗೂ ಪಾಠದ ಮಟ್ಟಿಗೆ ಅತಿ ದೊಡ್ಡ ವ್ಯತ್ಯಾಸ ಅದೇ, ಬಣ್ಣವೂ ಅಲ್ಲ, ಪರದೆಯ ಅಳತೆಯೂ ಅಲ್ಲ. ಅಜ್ಜನನ್ನು ಒಂದು ದಿನ ಶಿಶುವಿಹಾರಕ್ಕೆ ಕರೆದು ಆ ಟಿವಿಯ ಕಥೆಯನ್ನು ಮಕ್ಕಳಿಗೆ ಹೇಳಿಸಿ. ಪೆಟ್ಟಿಗೆ ಎಲ್ಲಿಟ್ಟಿದ್ದರು, ಯಾರು ಕೀಲಿ ಇಟ್ಟುಕೊಂಡಿದ್ದರು, ಮಳೆ ಬಂದರೆ ಏನು ಮಾಡುತ್ತಿದ್ದರು. ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಕಾರ್ಯಕ್ರಮ ಆ ವಾರ ಸಿಗಲಾರದು.

ಹಾಗಾದರೆ ಟಿವಿಯನ್ನು ಏನು ಮಾಡುವುದು? ಪೂರ್ತಿ ನಿಲ್ಲಿಸಬಹುದು. ಮಕ್ಕಳಿಗೆ ಇದರಿಂದ ಯಾವ ನಷ್ಟವೂ ಇಲ್ಲ. ಅಪಾಯ ಇರುವುದು ನಿಮಗೆ. ಮರುದಿನದಿಂದ ಆ ಒಂದು ಗಂಟೆ ನೀವೇ ತುಂಬಬೇಕು, ದಣಿದು ಸಿಟ್ಟಿನ ಟೀಚರ್ ಆಗುವುದು ಮಕ್ಕಳಿಗೆ ಟಿವಿಗಿಂತ ಕೆಟ್ಟದ್ದು. ಈಗಿನಂತೆಯೇ ಮುಂದುವರಿಸಬಹುದು. ಪಾಲಕರು ಖುಷಿಯಾಗಿರುತ್ತಾರೆ, ಮಕ್ಕಳು ಹಾಡು ಕಲಿಯುತ್ತಾರೆ, ಚಮಚ ಬಾಚಿ ತರುವುದು ತಪ್ಪುವುದಿಲ್ಲ. ಈ ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನಿಲ್ಲಿಸುವುದನ್ನೇ ಹೇಳುತ್ತೇನೆ. ಆದರೆ ಮೂರನೆಯ ದಾರಿ ಇದೆ, ನನ್ನ ಸಲಹೆ ಅದು.

ದಿನಕ್ಕೆ ಹತ್ತು ನಿಮಿಷ, ವಾರಕ್ಕೆ ಮೂರು ದಿನ, ನೀವು ಪಕ್ಕದಲ್ಲಿ ಕೂತು, ರಿಮೋಟ್ ಕೈಯಲ್ಲಿ ಹಿಡಿದು. ಟಿವಿಯನ್ನು ನಿಮ್ಮ ಪಡಸಾಲೆಗೆ ತರಲಾಗದ್ದನ್ನು ತರಲಿಕ್ಕೆ ಬಳಸಿ. ನಿಮ್ಮ ಮಕ್ಕಳಲ್ಲಿ ಹೆಚ್ಚಿನವರು ಸಮುದ್ರ ನೋಡಿರಲಾರರು. ಕಡಲಿನ ಅಲೆ ಬಂದು ಹೋಗುವ ಎರಡು ನಿಮಿಷದ ದೃಶ್ಯ, ಮರಿಯಾನೆ ಸ್ನಾನ ಮಾಡುವುದು, ಮೊಟ್ಟೆಯೊಡೆದು ಕೋಳಿಮರಿ ಬರುವುದು, ಇವೆಲ್ಲ ಪರದೆಗೆ ಒಪ್ಪುವ ಕೆಲಸ. ಕೆಂಪು ಬಣ್ಣ ತೋರಿಸಲು ಟಿವಿ ಏಕೆ, ಮೆಣಸಿನಕಾಯಿ ಇದೆ.

ಇನ್ನೂ ಒಳ್ಳೆಯದು, ನೀವೇ ಮೊಬೈಲಿನಲ್ಲಿ ತೆಗೆದ ವಿಡಿಯೊ. ಊರಿನ ಹಿಟ್ಟಿನ ಗಿರಣಿಗೆ ಹೋಗಿ ಎರಡು ನಿಮಿಷ ಚಿತ್ರಿಸಿ. ಡಬ್ಬಿಯಿಂದ ಜೋಳ ಮೇಲಿನ ಬುಟ್ಟಿಗೆ ಸುರಿಯುವುದು, ಕೆಳಗೆ ಕಟ್ಟಿದ ಬಟ್ಟೆಯ ಚೀಲ ಉಬ್ಬುವುದು, ಗಿರಣಿಯವರ ಹುಬ್ಬೆಲ್ಲ ಬಿಳಿಯಾಗಿರುವುದು. ಜೋಳ ಸುರಿದ ಕೂಡಲೇ ನಿಲ್ಲಿಸಿ: 'ಕೆಳಗಿನಿಂದ ಏನು ಬರುತ್ತದೆ?' ಕಾಯಿರಿ. ಒಬ್ಬರು ಜೋಳ ಎನ್ನಬಹುದು, ಒಬ್ಬರು ರೊಟ್ಟಿ ಎನ್ನಬಹುದು. ಮುಂದೆ ನೋಡಿದ ಮೇಲೆ ಟಿವಿ ಆರಿಸಿ, ಎರಡು ಬಟ್ಟಲು ಇಡಿ, ಒಂದರಲ್ಲಿ ಕಾಳು, ಒಂದರಲ್ಲಿ ಹಿಟ್ಟು. ಹಿಟ್ಟು ಮುಟ್ಟಲಿ, ಊದಲಿ, ಮೂಗಿಗೆ ಮೆತ್ತಿಕೊಳ್ಳಲಿ. ಕಾಳಿನ ಬಟ್ಟಲು ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಆ ಹತ್ತು ನಿಮಿಷದಲ್ಲಿ 'ನುಣ್ಣಗೆ', 'ತರಿತರಿ', 'ಬಿಸಿ' ಎಂಬ ಮಾತುಗಳು ಅರ್ಥಸಹಿತ ಬಂದಿರುತ್ತವೆ. ವಿಡಿಯೊ ತೆಗೆಯುವಾಗ ಒಂದು ಎಚ್ಚರ: ಮಕ್ಕಳ ಮುಖವಿರುವ ವಿಡಿಯೊ ಮಾಡಿದರೆ ಪಾಲಕರನ್ನು ಕೇಳದೆ ಸ್ಟೇಟಸ್‌ಗೆ, ಗುಂಪುಗಳಿಗೆ ಹಾಕಬೇಡಿ.

ಯೂಟ್ಯೂಬ್‌ನಿಂದ ಹಾಕುವಾಗ ತಾನಾಗಿ ಮುಂದಿನ ವಿಡಿಯೊಗೆ ಹೋಗುವ ಆಟೊಪ್ಲೇ ಆರಿಸಿ, ಮೊದಲು ನೀವೊಬ್ಬರೇ ಕೊನೆಯವರೆಗೆ ನೋಡಿ. ಬಹಳ ಅವಸರದ್ದು, ಕ್ಷಣಕ್ಕೊಮ್ಮೆ ದೃಶ್ಯ ಹಾರುವಂಥದ್ದು ಬೇಡ. 2011ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಅಂಥ ಕಾರ್ಟೂನನ್ನು ಒಂಬತ್ತೇ ನಿಮಿಷ ನೋಡಿದ ನಾಲ್ಕು ವರ್ಷದ ಮಕ್ಕಳು, ಅದಾದ ತಕ್ಷಣ ಕೊಟ್ಟ ಮನಸ್ಸು ಹಿಡಿದಿಡುವ ಕೆಲಸಗಳಲ್ಲಿ, ಚಿತ್ರ ಬಿಡಿಸುತ್ತಿದ್ದ ಮಕ್ಕಳಿಗಿಂತ ಹಿಂದೆ ಬಿದ್ದರು. ಅದು ತಾತ್ಕಾಲಿಕ ಪರಿಣಾಮ, ಹೆದರುವಂಥದ್ದಲ್ಲ. ಆದರೆ ವಿಡಿಯೊ ಮುಗಿದ ಕೂಡಲೇ ನೀವು ಅಕ್ಷರ ತಿದ್ದಿಸಲು ಕೂರಿಸಿದರೆ ಏಕೆ ಗಲಾಟೆಯಾಗುತ್ತದೆ ಎಂಬುದಕ್ಕೆ ಇದೂ ಒಂದು ಕಾರಣವಿದ್ದೀತು.

ಇಂಗ್ಲಿಷ್ ಬೇಕೆನ್ನುವ ಪಾಲಕರಿಗೆ ಇಂಗ್ಲಿಷ್ ಬೇಡವೆಂದು ಉಪದೇಶ ಮಾಡಲು ಹೋಗಬೇಡಿ, ಮಕ್ಕಳು ಬೇರೆ ಕಡೆ ಹೋಗುತ್ತಾರೆ. ಮೂರು ಎಂದರೆ ಎಷ್ಟೆಂದು ಮನೆಯ ಭಾಷೆಯಲ್ಲಿ ತಿಳಿದ ಮಗುವಿಗೆ 'ಥ್ರೀ' ಎಂಬುದು ಒಂದು ಹೊಸ ಹೆಸರು ಅಷ್ಟೆ, ಒಂದು ವಾರದ ಕೆಲಸ. ತಿಳಿಯದ ಮಗುವಿಗೆ ಎರಡೂ ಹಾಡೇ. ತಾಂಡಾದಿಂದ ಬರುವವರೋ, ಮನೆಯಲ್ಲಿ ಉರ್ದು ಆಡುವವರೋ ನಿಮ್ಮಲ್ಲಿದ್ದರೆ ಗುಂಡನಿಗೆ ಆ ಭಾಷೆಯ ನಾಲ್ಕು ಮಾತೂ ಬರಲಿ. ಪಾಲಕರ ಸಭೆಯಲ್ಲಿ ಭಾಷಣದ ಬದಲು ಚಮಚದ ಪರೀಕ್ಷೆಯನ್ನೇ ಅವರ ಮುಂದೆ ಮಾಡಿಸಿ, ಯಾವ ಮಗುವಿಗೂ ಅವಮಾನವಾಗದಂತೆ, ಗುಂಡನ ಆಟವಾಗಿ. ನೂರು ಹೇಳುವ ಮಗು ಮೂರು ಕೊಡಲಾರದ್ದನ್ನು ಕಣ್ಣಾರೆ ಕಂಡ ತಂದೆ ತಾಯಿ ಉಳಿದದ್ದನ್ನು ತಾವೇ ಕೇಳುತ್ತಾರೆ.

ನಿಮ್ಮ ಆ ಒಂದು ಗಂಟೆಯ ವಿಷಯ. ಮಕ್ಕಳನ್ನು ಮೂರು ಗುಂಪು ಮಾಡಿ. ಒಂದು ಗುಂಪು ನಿಮ್ಮೊಂದಿಗೆ, ಗುಂಡನ ಜೊತೆ. ಉಳಿದೆರಡಕ್ಕೆ ಕಣ್ಣಳತೆಯಲ್ಲೇ ತಾವೇ ಆಡಿಕೊಳ್ಳುವ ಕೆಲಸ: ಅಂಗಳದಲ್ಲಿ ಮರಳು ಮತ್ತು ಮಗ್, ಪಡಸಾಲೆಯಲ್ಲಿ ಹಳೆಯ ಡಬ್ಬಿಗಳಿಗೆ ಮುಚ್ಚಳ ಹುಡುಕಿ ಹಾಕುವುದು. ನೀರಿನ ಬಕೆಟ್ ಮಾತ್ರ ದೊಡ್ಡವರಿಲ್ಲದೆ ಇಡಬೇಡಿ. ಹದಿನೈದು ನಿಮಿಷಕ್ಕೊಮ್ಮೆ ಗುಂಪು ಬದಲಾಗಲಿ. ಮೊದಲ ವಾರ ಗದ್ದಲವೇ, ಎರಡನೆಯ ವಾರಕ್ಕೆ ಕ್ರಮ ಗೊತ್ತಾಗುತ್ತದೆ. ಒಬ್ಬ ತಾಯಿಯಾದರೂ ವಾರಕ್ಕೆರಡು ದಿನ ಬಂದು ಕೂರುವಂತೆ ಕೇಳಿ, ಮಾತು ಬಾರದ ಹುಡುಗನ ತಾಯಿಯನ್ನೇ ಕೇಳಬಹುದು. ಅವರಿಗೆ ಮನೆಯಲ್ಲಿ ಏನು ಮಾಡಬೇಕೆಂಬುದು ನೋಡಿಯೇ ತಿಳಿಯುತ್ತದೆ.

ಟಿವಿ ಕೊಡಿಸಿದವರು 'ಈಗೇಕೆ ಹಾಕುತ್ತಿಲ್ಲ' ಎಂದು ಕೇಳಿದರೆ ಗಿರಣಿಯ ವಿಡಿಯೊ ತೋರಿಸಿ, ಮುಂದಿನದನ್ನು ಅವರ ಕೆಲಸದ ಜಾಗದಲ್ಲೇ ತೆಗೆಯಬಹುದೇ ಎಂದು ಕೇಳಿ. ಅಂಗಡಿಯೋ, ಗ್ಯಾರೇಜೋ, ಹೊಲವೋ, ಯಾವುದಾದರೂ ಸರಿ. ಹುಡುಗನ ಕಿವಿಯ ಪರೀಕ್ಷೆಯ ಚೀಟಿ ಬಂದ ಮೇಲೆ ಮತ್ತೆ ಬರೆಯಿರಿ, ಅವನಿಗೆ ನಿಮ್ಮಲ್ಲಿ ಏನು ಮಾಡಬಹುದೆಂದು ಆಗ ನಿಖರವಾಗಿ ಹೇಳಬಲ್ಲೆ.